ಕರು ಹಾಕಿದ ದನ ಮರಳಿ ಬೆದೆಗೆ ಬರುವುದೆಂದು?

ತೋಟದ ಮನೆಗಳಲ್ಲಿ ಕೊಟ್ಟಿಗೆಯೆಂದರೆ ಮೊದಲು ಗೊಬ್ಬರ, ಆಮೇಲೆ ಹಾಲು. ಇದು ಇಂದು ನಿನ್ನೆಯ ಲೆಕ್ಕವಲ್ಲ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಕೊಟ್ಟಿಗೆ ಗೊಬ್ಬರ ಕೊಡಬೇಕೆಂದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರ ಶಿಫಾರಸಿದೆ. ಒಂಬತ್ತಡಿ ಅಂತರದಲ್ಲಿ ನೆಟ್ಟ ತೋಟವಾದರೆ ಎಕರೆಗೆ ಸುಮಾರು 540 ಮರ. ಅಂದರೆ ಗೊಬ್ಬರವೊಂದೇ ಆರೂವರೆ ಟನ್ನು ಬೇಕಾಯಿತು. ಕಾಫಿ ಗಿಡಗಳ ಬುಡಕ್ಕೆ ಬೇಕಾದ್ದು ಬೇರೆ.

ಈ ಗೊಬ್ಬರದ ಲೆಕ್ಕವೇ ನಮ್ಮನ್ನು ಒಂದು ವಿಷಯದಲ್ಲಿ ಅಲಕ್ಷ್ಯಕ್ಕೆ ದೂಡಿದೆ ಎಂದು ನಮಗೆ ತೋರುತ್ತದೆ. ದನ ಗಬ್ಬವಿರಲಿ ಬಿಡಲಿ, ಸಗಣಿಯನ್ನಂತೂ ಹಾಕುತ್ತದೆ. ಹಾಗಾಗಿ ಅದು ಕರು ಹಾಕಿ ಆರು ತಿಂಗಳಾಯಿತೋ, ವರ್ಷವಾಯಿತೋ, ಮತ್ತೆ ಬೆದೆಗೆ ಬಂದಿತೋ ಇಲ್ಲವೋ ಎಂದು ತಲೆ ಕೆಡಿಸಿಕೊಳ್ಳುವವರು ಕಡಿಮೆ. ಹಾಲು ಬತ್ತುತ್ತದೆ. ಹಾಲಿಲ್ಲದ ದನಕ್ಕೆ ಹಿಂಡಿ ಯಾಕೆ ಎಂದು ಹಿಂಡಿ ನಿಲ್ಲುತ್ತದೆ. ಹಿಂಡಿ ನಿಂತ ಮೇಲೆ ದನ ಮತ್ತಷ್ಟು ಸೊರಗುತ್ತದೆ, ಸೊರಗಿದ ದನ ಬೆದೆಗೆ ಬರುವುದೇ ಇಲ್ಲ. ಕಡೆಗೊಂದು ದಿನ 'ಗೊಡ್ಡು' ಎಂಬ ಹೆಸರು ಹೊತ್ತು ಅದು ಕೊಟ್ಟಿಗೆಯಿಂದ ಹೊರಬೀಳುತ್ತದೆ. ಹೀಗೆ ಒಂದರ ಹಿಂದೊಂದು ಖಾಲಿಯಾದ ಕೊಟ್ಟಿಗೆಗಳಲ್ಲಿ ಈಗ ಸೌದೆ ಪೇರಿಸಿಟ್ಟಿರುವುದನ್ನು, ತೋಟಕ್ಕೆ ಬಯಲುಸೀಮೆಯಿಂದ ಲಾರಿಯಲ್ಲಿ ಗೊಬ್ಬರ ತರಿಸುತ್ತಿರುವುದನ್ನು ನಾವೆಲ್ಲ ನೋಡುತ್ತಲೇ ಇದ್ದೇವೆ. ಕೆಲಸದವರ ಅಭಾವ, ಮೇವಿನ ತೊಂದರೆ ಇತ್ಯಾದಿ ಕಾರಣಗಳು ಇಲ್ಲವೆಂದಲ್ಲ. ಆದರೆ ಆ ದನಗಳೆಲ್ಲ ನಿಜಕ್ಕೂ ಗೊಡ್ಡಾಗಿದ್ದವೇ ಎಂದು ಕೇಳಿದರೆ, ಬಹುಪಾಲು ಅಲ್ಲ ಎಂದೇ ನಮ್ಮ ಅಭಿಪ್ರಾಯ.

ಮೊದಲು ದಿನಗಳ ಲೆಕ್ಕ ನೋಡೋಣ. ದನದ ಗಬ್ಬದ ಅವಧಿ ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕೆಂದರೆ 365 ರಲ್ಲಿ 280 ಕಳೆದು ಉಳಿಯುವುದು 85 ದಿನ. ಕರು ಹಾಕಿದಂದಿನಿಂದ ಈ 85 ದಿನಗಳೊಳಗೆ ದನ ಮತ್ತೆ ಗಬ್ಬ ಕಟ್ಟಬೇಕು. ಉದಾಹರಣೆಗೆ ಜೂನ್ 10 ರಂದು ಕರು ಹಾಕಿದ ದನ ಸೆಪ್ಟೆಂಬರ್ 3 ರೊಳಗೆ ಗಬ್ಬ ನಿಂತರೆ ಮುಂದಿನ ಜೂನ್ 10 ರ ಸುಮಾರಿಗೆ ಮತ್ತೆ ಕರು. ಸೆಪ್ಟೆಂಬರ್ 3 ರ ಬೆದೆ ತಪ್ಪಿತೆನ್ನಿ, ಮುಂದಿನದು 24 ಕ್ಕೆ. ಅದೂ ತಪ್ಪಿದರೆ ಅಕ್ಟೋಬರ್ 15. ಒಂದೊಂದು ಸಲ ತಪ್ಪಿದಾಗಲೂ ಹೋಗುವುದು ಒಂದು ದಿನವಲ್ಲ, 21 ದಿನ.

ಎಲ್ಲರ ಮನೆಯಲ್ಲೂ ವರ್ಷಕ್ಕೊಂದು ಕರು ಆಗಲೇಬೇಕೆಂದು ನಾವು ಹೇಳುತ್ತಿಲ್ಲ. ಹದಿಮೂರು, ಹದಿನಾಲ್ಕು ತಿಂಗಳಿಗೊಂದಾದರೂ ಸಂತೋಷವೇ. ಆದರೆ ದನವೊಂದು ನಮ್ಮ ಕೊಟ್ಟಿಗೆಯಲ್ಲಿ ಚೊಚ್ಚಲ ಕರುವಿನಿಂದ ಮೊದಲ್ಗೊಂಡು ಎಂಟು ವರ್ಷ ಬಾಳುತ್ತದೆ ಎಂದಿಟ್ಟುಕೊಂಡರೆ, 13 ತಿಂಗಳಿಗೊಮ್ಮೆ ಹಾಕುವುದು ಎಂಟು ಕರು ಕೊಡುತ್ತದೆ. 20 ತಿಂಗಳಿಗೊಮ್ಮೆ ಹಾಕುವುದು ಐದೇ. ಮೂರು ಕರುಗಳೂ ಹೋದವು, ಮೂರು ಸಲದ ಹೊಸ ಹಾಲೂ ಹೋಯಿತು. ಹುಲ್ಲು ತಿನ್ನುವುದರಲ್ಲಿ ಮಾತ್ರ ಎರಡಕ್ಕೂ ವ್ಯತ್ಯಾಸವಿಲ್ಲ.

ಒಳಗೆ ನಡೆಯುವುದೇನು

ಕರು ಹೊರಬಿದ್ದ ದಿನ ದನದ ಗರ್ಭಕೋಶ ಸುಮಾರು ಒಂಬತ್ತು ಕಿಲೋ ತೂಗುತ್ತದೆ. ಒಂದು ತಿಂಗಳಲ್ಲಿ ಅದು ಕುಗ್ಗಿ ಒಂದು ಕಿಲೋದ ಹತ್ತಿರಕ್ಕೆ ಬರುತ್ತದೆ. ಒಳಪದರ ಪೂರ್ತಿ ವಾಸಿಯಾಗಿ ಮತ್ತೊಂದು ಕರುವನ್ನು ಹೊರಲು ಸಿದ್ಧವಾಗುವುದಕ್ಕೆ 40 ರಿಂದ 50 ದಿನ ಬೇಕು. ಮೊದಲ ಎರಡು ಮೂರು ವಾರ ಕೆಂಪು ಕಂದು ಬಣ್ಣದ ಮೈಲಿಗೆ ಸ್ವಲ್ಪ ಸ್ವಲ್ಪವಾಗಿ ಹೋಗುವುದು ಸಹಜ. ಅದು ಗಬ್ಬು ನಾರಿದರೆ, ಕೀವಿನಂತಾದರೆ, ದನ ಮೇವು ಬಿಟ್ಟರೆ ಸಹಜವಲ್ಲ.

ಅಂಡಾಶಯಗಳು ಗರ್ಭಕೋಶ ಸರಿಯಾಗುವವರೆಗೂ ಕಾಯುವುದಿಲ್ಲ. ಚೆನ್ನಾಗಿ ಮೇವುಂಡ, ರೋಗವಿಲ್ಲದ ಮಿಶ್ರತಳಿ ದನದಲ್ಲಿ ಕರು ಹಾಕಿದ ಮೂರು ನಾಲ್ಕು ವಾರಗಳಲ್ಲೇ ಮೊದಲ ಅಂಡ ಬಿಡುಗಡೆಯಾಗುವುದುಂಟು. ಆದರೆ ಈ ಮೊದಲನೆಯದು ಸಾಮಾನ್ಯವಾಗಿ ಮೂಕ ಬೆದೆ. ದನ ಕೂಗುವುದಿಲ್ಲ, ಹಾರುವುದಿಲ್ಲ, ಏನೂ ತೋರಿಸುವುದಿಲ್ಲ. ಅದರ ನಂತರದ ಚಕ್ರವೂ ಎಷ್ಟೋ ಸಲ ಗಿಡ್ಡ, ಎಂಟು ಹತ್ತು ದಿನಗಳದ್ದು. ಆಮೇಲಿಂದ 21 ದಿನಗಳ ಕ್ರಮಕ್ಕೆ ಬೀಳುತ್ತದೆ. 18 ರಿಂದ 24 ರವರೆಗೆ ಎಷ್ಟಾದರೂ ಸರಿಯೇ. ಹೀಗಾಗಿ ನಮ್ಮ ಕಣ್ಣಿಗೆ ಬೀಳುವ ಮೊದಲ ಬೆದೆ, ದನದ ಲೆಕ್ಕದಲ್ಲಿ ಎರಡನೆಯದೋ ಮೂರನೆಯದೋ ಆಗಿರಬಹುದು.

ಮೂವತ್ತನೇ ದಿನಕ್ಕೆ ಬೆದೆ ಕಂಡರೆ ಇಂಜೆಕ್ಷನ್ ಕೊಡಿಸಬಹುದೇ ಎಂದು ಕೆಲವು ಸದಸ್ಯರು ಕೇಳುತ್ತಾರೆ. ಬೇಡ. ಗರ್ಭಕೋಶ ಇನ್ನೂ ಹಸಿ ಇರುವಾಗ ಗಬ್ಬ ನಿಲ್ಲುವುದು ಅಪರೂಪ. ಬರೆದಿಟ್ಟುಕೊಳ್ಳಿ, ಅಷ್ಟೇ. 45 ದಿನ ಕಳೆದ ಮೇಲಿನ ಬೆದೆಯಿಂದ ಪ್ರಯತ್ನ ಮಾಡಬಹುದು. ಹೆರಿಗೆಯಲ್ಲಿ ಕಷ್ಟವಾಗಿದ್ದರೆ, ಕಸ ಬೀಳಲು ತಡವಾಗಿದ್ದರೆ 60 ದಿನ ಕಾಯುವುದೇ ಮೇಲು. 60 ದಿನವಾದರೂ ಏನೂ ಕಾಣದಿದ್ದರೆ ಆಗ ಡಾಕ್ಟರನ್ನು ಕರೆಸಬೇಕು. ಆರು ತಿಂಗಳು ಕಾದು ಆಮೇಲೆ ಕರೆಸುವುದು ನಮ್ಮಲ್ಲಿ ನಡೆದು ಬಂದಿರುವ ರೂಢಿ. ಅದನ್ನು ಬಿಡಬೇಕು.

ಹೊಟ್ಟೆಗೆ ಹಾಕಿದ್ದೇ ಬೆದೆಗೆ

ತಡವಾಗುವುದಕ್ಕೆ ಮುಖ್ಯ ಕಾರಣ ಮೇವು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಕರು ಹಾಕಿದ ಮೇಲೆ ಹಾಲು ದಿನದಿನಕ್ಕೆ ಏರುತ್ತ ಐದಾರು ವಾರಕ್ಕೆ ತುತ್ತತುದಿ ಮುಟ್ಟುತ್ತದೆ. ಆದರೆ ದನದ ಹಸಿವು ಅಷ್ಟೇ ವೇಗದಲ್ಲಿ ಏರುವುದಿಲ್ಲ, ಹಲವು ವಾರ ಹಿಂದುಳಿಯುತ್ತದೆ. ಖರ್ಚು ಹೆಚ್ಚು, ಆದಾಯ ಕಡಿಮೆ. ಈ ನಡುವಿನ ಕೊರತೆಯನ್ನು ದನ ತನ್ನ ಮೈಯ ಕೊಬ್ಬು ಕರಗಿಸಿ ತುಂಬಿಕೊಳ್ಳುತ್ತದೆ. ಮೈ ಕರಗುತ್ತಿರುವಷ್ಟು ಕಾಲ ಮಿದುಳಿನಿಂದ ಅಂಡಾಶಯಕ್ಕೆ ಹೋಗಬೇಕಾದ ಆಜ್ಞೆ ಬಲಹೀನವಾಗಿರುತ್ತದೆ. ಅಂಡ ಬೆಳೆಯುತ್ತದೆ, ಆದರೆ ಒಡೆಯದೆ ಹಾಗೆಯೇ ಬತ್ತುತ್ತದೆ. ತನ್ನ ಮೈ ಉಳಿಸಿಕೊಳ್ಳುವುದು, ಕೈಯಲ್ಲಿರುವ ಕರುವಿಗೆ ಹಾಲು ಕೊಡುವುದು, ಆಮೇಲೆ ಮುಂದಿನ ಕರು. ದನದ ದೇಹದ ಲೆಕ್ಕ ಹೀಗೆ. ಬಡತನದಲ್ಲಿ ಅದು ಮೊದಲು ಕೈಬಿಡುವುದು ಕಡೆಯದನ್ನೇ.

ಆದುದರಿಂದ ಬೆದೆಯ ಸಿದ್ಧತೆ ಕರು ಹಾಕಿದ ಮೇಲೆ ಅಲ್ಲ, ಹಾಕುವ ಎರಡು ತಿಂಗಳು ಮೊದಲೇ ಆರಂಭವಾಗಬೇಕು. ನಮ್ಮಲ್ಲಿ ಇದು ತಿರುಗುಮುರುಗಾಗಿದೆ. ಹಾಲು ಬತ್ತಿಸಿದ ಕೂಡಲೇ ಹಿಂಡಿಯ ಡಬ್ಬಿ ಮುಚ್ಚುತ್ತೇವೆ. ಹೊಟ್ಟೆಯಲ್ಲಿ ಕರು ಅತಿ ಹೆಚ್ಚು ಬೆಳೆಯುವುದು ಆ ಕೊನೆಯ ಎರಡು ತಿಂಗಳಲ್ಲಿ ಎಂಬುದನ್ನು ಮರೆಯುತ್ತೇವೆ. ಈ ಸಮಯದಲ್ಲಿ ದಿನಕ್ಕೆ ಒಂದರಿಂದ ಒಂದೂವರೆ ಕಿಲೋ ಪಶು ಆಹಾರವನ್ನು ಮಾಮೂಲಿಗಿಂತ ಹೆಚ್ಚಾಗಿ ಕೊಡಬೇಕು. ಕರು ಹಾಕಿದ ಮೇಲೆ ಮೈ ರಕ್ಷಣೆಗೆ ಒಂದೂವರೆ ಎರಡು ಕಿಲೋ, ಅದರ ಮೇಲೆ ಕರೆದ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ ಎಂದು ಲೆಕ್ಕ ಹಿಡಿಯಬೇಕು. ಎಂಟು ಲೀಟರ್ ಕೊಡುವ ಜೆರ್ಸಿ ಮಿಶ್ರತಳಿಗೆ ಐದು ಕಿಲೋದ ಹತ್ತಿರ ಬೇಕಾಗುತ್ತದೆ. ಇದು ದುಬಾರಿ ಎಂದು ಗೊತ್ತು. ಹಾಲು ಕೊಡದೆ, ಗಬ್ಬವೂ ಇಲ್ಲದೆ ನಿಂತ ದನ ಇನ್ನೂ ದುಬಾರಿ.

ದನದ ಮೈ ನೋಡಿ ಹೇಳುವುದಕ್ಕೆ ಯಂತ್ರ ಬೇಡ, ಕೈ ಸಾಕು. ಬಾಲದ ಬುಡದ ಎರಡೂ ಪಕ್ಕದ ಗುಳಿಗಳನ್ನು, ಸೊಂಟದ ಎಲುಬನ್ನು, ಪಕ್ಕೆಲುಬುಗಳನ್ನು ಮುಟ್ಟಿ ನೋಡಿ. ಕರು ಹಾಕುವಾಗ ಎಲುಬು ಕಣ್ಣಿಗೆ ಕಾಣದೆ, ಅದುಮಿದರೆ ಕೈಗೆ ಸಿಗುವಂತಿರಬೇಕು. ಅದಕ್ಕಿಂತ ಹೆಚ್ಚು ಕೊಬ್ಬಿದರೂ ತೊಂದರೆಯೇ. ಹೆರಿಗೆ ಕಷ್ಟ, ಕರು ಹಾಕಿದ ಮೇಲೆ ಮೇವು ಬಿಡುತ್ತದೆ. ಕರು ಹಾಕಿ ಒಂದೂವರೆ ತಿಂಗಳಾದಾಗ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸುವಂತಿದ್ದರೆ ಆ ದನದಿಂದ ಬೆದೆಯನ್ನು ಸದ್ಯಕ್ಕೆ ನಿರೀಕ್ಷಿಸಬೇಕಾಗಿಲ್ಲ.

ನಮ್ಮ ಮೇವಿನ ಸ್ಥಿತಿಯನ್ನೂ ಒಮ್ಮೆ ನೋಡಿಕೊಳ್ಳಬೇಕು. ಬೈಹುಲ್ಲು ಹೊಟ್ಟೆ ತುಂಬಿಸುತ್ತದೆಯೇ ಹೊರತು ಮೈ ತುಂಬಿಸುವುದಿಲ್ಲ. ಅದರಲ್ಲಿರುವ ಪ್ರೋಟೀನು ನೂರಕ್ಕೆ ಮೂರು ನಾಲ್ಕು ಪಾಲು ಮಾತ್ರ. ಭತ್ತದ ಗದ್ದೆಗಳೇ ಕಡಿಮೆಯಾಗಿ ಈಗ ಅದನ್ನೂ ಕೊಂಡು ತರಬೇಕಾಗಿದೆ. ಅಡಿಕೆ ಹಾಳೆಯನ್ನು ಕೊಚ್ಚಿ ಹಾಕುವ ಪದ್ಧತಿ ಈಚೆಗೆ ಬಂದಿದೆ, ಒಳ್ಳೆಯದೇ. ಆದರೆ ಅದನ್ನು ಹುಲ್ಲಿನ ಬದಲಿಗೆ ಎಂದು ತಿಳಿಯಬೇಕು, ಹಿಂಡಿಯ ಬದಲಿಗೆ ಎಂದಲ್ಲ. ಬೋರ್ಡೋ ಹೊಡೆದ ತೋಟದ ಹಾಳೆಯನ್ನಾಗಲಿ, ಮದ್ದು ತೊಟ್ಟಿಕ್ಕಿದ ಬುಡದ ಹುಲ್ಲನ್ನಾಗಲಿ ಕೂಡಲೇ ಕೊಡಬಾರದು. ತೋಟದ ಬದುವಿನಲ್ಲಿ, ಬಚ್ಚಲ ನೀರು ಹರಿಯುವಲ್ಲಿ ಹತ್ತು ಬುಡ ಹೈಬ್ರಿಡ್ ನೇಪಿಯರ್ ನೆಟ್ಟವರಿಗೆ ಬೇಸಿಗೆಯಲ್ಲೂ ಒಂದು ಹೊರೆ ಹಸಿರು ಸಿಗುತ್ತದೆ. ಅಕ್ಕಚ್ಚು, ಬಾಳೆದಿಂಡು, ಹಲಸಿನ ಸೊಪ್ಪು, ಇವೆಲ್ಲ ಇದ್ದೇ ಇವೆ.

ಇನ್ನೊಂದು ಮಾತು ಉಪ್ಪಿನ ಬಗ್ಗೆ. ಅಡಿಗೆ ಉಪ್ಪು ಮಾತ್ರವಲ್ಲ, ಖನಿಜ ಲವಣಗಳು. ನೂರಾರು ಅಂಗುಲ ಮಳೆ ಸುರಿದು ತೊಳೆದ ನಮ್ಮ ಹುಳಿ ಮಣ್ಣಿನಲ್ಲಿ ರಂಜಕ, ಸುಣ್ಣದಂಶ ಕಡಿಮೆ. ತೋಟಕ್ಕೆ ಸುಣ್ಣ ಹಾಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಅದೇ ಮಣ್ಣಿನ ಹುಲ್ಲು ತಿಂದ ದನಕ್ಕೂ ಅದೇ ಕೊರತೆ. ರಂಜಕ, ತಾಮ್ರ, ಸತು ಇವುಗಳ ಕೊರತೆಯಿಂದ ಬೆದೆ ತಡವಾಗುವುದು, ಮೂಕವಾಗುವುದು ತಿಳಿದ ಸಂಗತಿ. ದನ ಮೂಳೆ, ಬಟ್ಟೆ, ಗೋಡೆ ನೆಕ್ಕುವುದು ಇದರ ಒಂದು ಸೂಚನೆ. ದೊಡ್ಡ ದನಕ್ಕೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣವನ್ನು ಹಿಂಡಿಯಲ್ಲಿ ಕಲಸಿ ವರ್ಷವಿಡೀ ಕೊಡಬೇಕು. ಒಂದು ಪೊಟ್ಟಣ ತಂದು ಎಂಟು ದಿನ ಹಾಕಿ ಪ್ರಯೋಜನವಾಗಲಿಲ್ಲ ಎನ್ನುವುದು ನ್ಯಾಯವಲ್ಲ. ಆಯಾ ಪ್ರದೇಶದ ಮೇವಿನಲ್ಲಿ ಏನು ಕಡಿಮೆಯಿದೆ ಎಂದು ನೋಡಿ ಮಿಶ್ರಣ ತಯಾರಿಸುವ ಕೆಲಸವನ್ನು ಬೆಂಗಳೂರಿನ ಆಡುಗೋಡಿಯಲ್ಲಿ 1995 ರಲ್ಲಿ ಆರಂಭವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಮಾಡಿದ್ದಾರೆ. ಅಂಥದ್ದು ಸಿಕ್ಕಿದರೆ ಇನ್ನೂ ಒಳ್ಳೆಯದು. ಜಂತುಹುಳು, ಯಕೃತ್ತಿನ ಹುಳುಗಳಿಗೆ ಔಷಧಿ ಹಾಕಿಸದೆ ಎಷ್ಟು ತಿನ್ನಿಸಿದರೂ ತೂತು ಕೊಡಕ್ಕೆ ನೀರು ಹೊಯ್ದಂತೆ. ಕೆಸರು ಗದ್ದೆಯಲ್ಲಿ ಮೇಯುವ ದನಗಳಿಗೆ ಬಸವನಹುಳುವಿನ ಮೂಲಕ ಹರಡುವ ಯಕೃತ್ತಿನ ಹುಳುವಿನ ಕಾಟ ತಪ್ಪಿದ್ದಲ್ಲ.

ಕರುವಿನ ಪಾತ್ರ

ಮಲೆನಾಡು ಗಿಡ್ಡ ಸಾಕಿದವರಿಗೆ ಇದು ಅನುಭವಕ್ಕೆ ಬಂದಿರಬೇಕು. ಕರು ಸದಾ ಜೊತೆಗಿದ್ದು ಹಾಲು ಕುಡಿಯುತ್ತಿರುವಷ್ಟು ದಿನ ತಾಯಿ ಬೆದೆಗೆ ಬರುವುದಿಲ್ಲ; ಮೂರು, ನಾಲ್ಕು, ಕೆಲವೊಮ್ಮೆ ಆರು ತಿಂಗಳೂ ಹಾಗೆಯೇ ಇರುತ್ತದೆ. ಮೊಲೆ ಚೀಪುವುದರಿಂದ ಹಾಗೆ ಎಂದು ಬಹಳ ಕಾಲ ತಿಳಿಯಲಾಗಿತ್ತು. ಅದಷ್ಟೇ ಅಲ್ಲ ಎಂದು ಆಮೇಲಿನ ಸಂಶೋಧನೆ ತೋರಿಸಿತು. ತನ್ನದೇ ಕರು ಎಂದು ತಾಯಿ ವಾಸನೆಯಿಂದ, ಕಣ್ಣಿನಿಂದ ಗುರುತಿಸುತ್ತದೆಯಲ್ಲ, ಆ ಗುರುತೇ ಮಿದುಳಿನಲ್ಲಿ ಬೆದೆಯ ಹಾರ್ಮೋನನ್ನು ತಡೆಹಿಡಿಯುತ್ತದೆ. ಪರರ ಕರು ಕುಡಿದರೆ ಅಷ್ಟು ತಡೆ ಆಗುವುದಿಲ್ಲ. ಕರು ಸತ್ತ ದನ ಬೇಗ ಬೆದೆಗೆ ಬರುವುದನ್ನು ನಮ್ಮ ಹಿರಿಯರು ಗಮನಿಸಿದ್ದರು, ಕಾರಣ ಇದೇ.

ಹಾಗೆಂದು ಕರುವನ್ನು ಹಾಲಿನಿಂದ ವಂಚಿಸಬೇಕೆಂದು ಯಾರೂ ತಿಳಿಯಬಾರದು. ಕರುವಿಗೆ ಗಿಣ್ಣ ಹಾಲು ಹುಟ್ಟಿದ ಒಂದೆರಡು ಗಂಟೆಯೊಳಗೇ ಹೊಟ್ಟೆಗೆ ಹೋಗಬೇಕು, ಮೊದಲ ಎರಡು ತಿಂಗಳು ಹಾಲು ಧಾರಾಳವಾಗಿ ಸಿಗಬೇಕು. ಇಲ್ಲಿ ಬೇಕಾದ್ದು ಕ್ರಮ. ಹಗಲಿಡೀ ತಾಯಿಯ ಜೊತೆ ಬಿಡುವ ಬದಲು ಬೆಳಿಗ್ಗೆ ಸಂಜೆ ಕರೆಯುವ ಹೊತ್ತಿಗೆ ಸೊರೆ ಬಿಡಿಸಲು, ಕರೆದ ಮೇಲೆ ಕುಡಿಯಲು ಬಿಟ್ಟು, ಉಳಿದ ಹೊತ್ತು ತಾಯಿಯ ಕಣ್ಣಿಗೆ ಬೀಳದಂತೆ ಬೇರೆ ಕಟ್ಟಿದರೆ ತಡೆ ಬಹುಮಟ್ಟಿಗೆ ಸಡಿಲವಾಗುತ್ತದೆ. ಎರಡು ತಿಂಗಳಾದ ಮೇಲೆ ಕರುವನ್ನು 48 ಗಂಟೆ ಪೂರ್ತಿ ಬೇರೆ ಮಾಡಿದರೆ, ಮೈ ಚೆನ್ನಾಗಿರುವ ತಾಯಿ ಕೆಲವು ದಿನಗಳಲ್ಲೇ ಬೆದೆಗೆ ಬರುವುದುಂಟು. ಸೊರಗಿದ ತಾಯಿಗೆ ಈ ಉಪಾಯ ಉಪಯೋಗವಿಲ್ಲ. ಗಿಡ್ಡ ದನಗಳು ಕರು ಕಾಣದಿದ್ದರೆ ಹಾಲನ್ನೇ ಏರಿಸಿಕೊಂಡುಬಿಡುವುದೂ ಉಂಟು, ಅದನ್ನೂ ನೋಡಿಕೊಳ್ಳಬೇಕು.

ಗಿಡ್ಡದ ವಿಷಯ ಬಂದಾಗ ಒಂದು ಮಾತು. 2012 ರಲ್ಲಿ ಕರ್ನಾಲಿನ ರಾಷ್ಟ್ರೀಯ ಸಂಸ್ಥೆ ಇದನ್ನು ಒಂದು ಪ್ರತ್ಯೇಕ ತಳಿಯೆಂದು ಮಾನ್ಯ ಮಾಡಿತು. ಬೆದೆಗೆ ತಡವಾಗಿ ಬಂದರೂ ಅದು ತಿನ್ನುವುದು ಅಲ್ಪ, ಬಾಳುವುದು ದೀರ್ಘ. ಅದನ್ನು ಮಿಶ್ರತಳಿಯ ಲೆಕ್ಕದಲ್ಲಿ ಅಳೆದು ಗೊಡ್ಡೆಂದು ಕರೆಯುವುದು ಸರಿಯಲ್ಲ. ದೊಡ್ಡ ಜಾತಿಯ ಹೋರಿಯ ವೀರ್ಯ ಅದಕ್ಕೆ ಕೊಡಿಸಿದರೆ ಕರು ದೊಡ್ಡದಾಗಿ ಹೆರಿಗೆಯಲ್ಲಿ ಎರಡನ್ನೂ ಕಳೆದುಕೊಳ್ಳುವ ಭಯವಿದೆ.

ಕಂಡವರಿಗೆ ಮಾತ್ರ ಬೆದೆ

ಡಾಕ್ಟರು ಬಂದು ಕೈ ಹಾಕಿ ಪರೀಕ್ಷೆ ಮಾಡಿ, 'ಇದು ಬೆದೆಗೆ ಬರುತ್ತಾ ಇದೆಯಲ್ಲ, ನೀವು ನೋಡಿಲ್ಲ' ಎಂದು ಹೇಳಿದಾಗ ಮುಖ ಸಣ್ಣದು ಮಾಡಿಕೊಂಡ ಸದಸ್ಯರು ನಮ್ಮಲ್ಲಿ ಹಲವರಿದ್ದಾರೆ. ಅಂಡಾಶಯ ಕೆಲಸ ಮಾಡುತ್ತಿಲ್ಲದ ದನ ಬೇರೆ, ಕೆಲಸ ಮಾಡುತ್ತಿದ್ದರೂ ನಮ್ಮ ಕಣ್ಣು ತಪ್ಪಿಸಿದ ದನ ಬೇರೆ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಎರಡನೆಯದಕ್ಕೆ ಬೇಕಾದ ಔಷಧಿ ಮನೆಯವರ ಕಣ್ಣು.

ಬೆದೆ ಇರುವುದು 12 ರಿಂದ 18 ಗಂಟೆ. ನಾಟಿ ದನಗಳಲ್ಲಿ ಹತ್ತು ಗಂಟೆಯ ಸುಮಾರು. ಅದೂ ಬಹಳಷ್ಟು ಸಲ ರಾತ್ರಿ ಅಥವಾ ನಸುಕಿನಲ್ಲಿ. ಮೇಯಲು ಬಿಟ್ಟ ದನವಾದರೆ ಇನ್ನೊಂದು ದನ ಮೈಮೇಲೆ ಹಾರಿದಾಗ ಅಲುಗದೆ ನಿಲ್ಲುತ್ತದೆ. ಇದಕ್ಕಿಂತ ಖಚಿತವಾದ ಲಕ್ಷಣ ಬೇರೆಯಿಲ್ಲ. ನೆನಪಿಡಿ, ಹಾರಿದ್ದಲ್ಲ, ಹಾರಿಸಿಕೊಂಡು ನಿಂತದ್ದು ಬೆದೆಯ ದನ. ಆದರೆ ನಮ್ಮ ದನಗಳು ಹಗಲೂ ರಾತ್ರಿ ಗೂಟದಲ್ಲೇ. ಕಟ್ಟಿದ ದನ ಯಾರನ್ನು ಹಾರಿಸಿಕೊಳ್ಳಬೇಕು? ಆಗ ಉಳಿದ ಲಕ್ಷಣಗಳನ್ನೇ ನಂಬಬೇಕು. ಕಾರಣವಿಲ್ಲದೆ ಕೂಗುವುದು, ಎಲ್ಲ ದನ ಮಲಗಿ ಮೆಲುಕು ಹಾಕುತ್ತಿದ್ದರೆ ಇದೊಂದು ನಿಂತಿರುವುದು, ಪದೇ ಪದೇ ಸ್ವಲ್ಪ ಸ್ವಲ್ಪ ಉಚ್ಚೆ ಹೊಯ್ಯುವುದು, ಯೋನಿ ಸ್ವಲ್ಪ ಊದಿ ಕೆಂಪಾಗುವುದು, ಒಂದು ಹೊತ್ತಿನ ಹಾಲು ಹಠಾತ್ತನೆ ಇಳಿಯುವುದು. ಮುಖ್ಯವಾಗಿ ಮೊಟ್ಟೆಯ ಬಿಳಿಯಂತೆ ಸ್ವಚ್ಛವಾದ, ಎಳೆದರೆ ಹಗ್ಗದಂತೆ ಜೋತು ಬೀಳುವ ಲೋಳೆ. ಮಲಗಿದ್ದು ಎದ್ದ ಮೇಲೆ ಹಿಂದಿನ ನೆಲ, ಬಾಲದ ಬುಡ, ಹಿಂತೊಡೆ ನೋಡಬೇಕು. ಸೊಪ್ಪು ದರಗು ಹಾಸಿದ ಕೊಟ್ಟಿಗೆಯಲ್ಲಿ ನೆಲದ ಲೋಳೆ ಕಾಣುವುದು ಕಷ್ಟ, ಆದ್ದರಿಂದ ಬಾಲವನ್ನೇ ನೋಡುವ ಅಭ್ಯಾಸವಿಟ್ಟುಕೊಳ್ಳಿ. ಲೋಳೆಯಲ್ಲಿ ಬಿಳಿ ಹೆಪ್ಪು, ಕೀವು ಕಂಡರೆ ಅದು ಒಳಗೆ ನಂಜಿರುವ ಗುರುತು. ಅಂಥ ಬೆದೆಗೆ ಇಂಜೆಕ್ಷನ್ ಕೊಡಿಸಿ ದುಡ್ಡು ಹಾಳು ಮಾಡದೆ ಮೊದಲು ಚಿಕಿತ್ಸೆ ಮಾಡಿಸಬೇಕು.

ದಿನಕ್ಕೆ ಮೂರು ಸಲ, ಬೆಳಗಿನ ಜಾವ, ಮಧ್ಯಾಹ್ನ, ರಾತ್ರಿ ಮಲಗುವ ಮುನ್ನ ಕೊಟ್ಟಿಗೆಗೆ ಹೋಗಿ ಸುಮ್ಮನೆ ಹತ್ತು ಹದಿನೈದು ನಿಮಿಷ ನಿಂತು ನೋಡಬೇಕು. ಮೇವು ಹಾಕುತ್ತ, ಸಗಣಿ ಬಾಚುತ್ತ ನೋಡಿದ್ದು ನೋಟವಲ್ಲ. ಮೇವು ಕಂಡ ದನ ಬೆದೆಯನ್ನು ಮರೆಯುತ್ತದೆ. ಮಳೆ ಬಿಟ್ಟ ಹೊತ್ತಿನಲ್ಲಿ ಅರ್ಧ ಗಂಟೆ ಅಂಗಳದಲ್ಲೋ ಬೇಣದಲ್ಲೋ ಎರಡು ಮೂರು ದನಗಳನ್ನು ಒಟ್ಟಿಗೆ ಬಿಟ್ಟರೆ ಹತ್ತು ದಿನ ಗೂಟದಲ್ಲಿ ನೋಡಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ. ನಮ್ಮ ಮನೆಗಳಲ್ಲಿ ಕೊಟ್ಟಿಗೆಯ ಕೆಲಸ ನೋಡುವುದು ಹೆಚ್ಚಾಗಿ ಹೆಂಗಸರು. ದನದ ಸ್ವಭಾವದಲ್ಲಿ ಆದ ಬದಲಾವಣೆ ಮೊದಲು ತಿಳಿಯುವುದೂ ಅವರಿಗೇ. 'ಇವತ್ತು ಕೆಂಪಿ ಯಾಕೋ ಒಂಥರಾ ಮಾಡ್ತಿದೆ' ಎಂದು ಒಳಗಿನಿಂದ ಮಾತು ಬಂದಾಗ ಪೇಪರಿನಿಂದ ತಲೆಯೆತ್ತದ ಯಜಮಾನರು 21 ದಿನ ಕಳೆದುಕೊಳ್ಳುತ್ತಾರೆ.

ನಮ್ಮ ವರ್ಷದ ಕೆಲಸಗಳೂ ಇದಕ್ಕೆ ಅಡ್ಡ ಬರುತ್ತವೆ. ಏಪ್ರಿಲ್ ಕೊನೆಗೆ ಕರು ಹಾಕಿದ ದನದ 45 ರಿಂದ 85 ನೇ ದಿನದ ಅವಧಿ ಬೀಳುವುದು ಜೂನ್ ನಡುವಿನಿಂದ ಜುಲೈ ಕಡೆಯವರೆಗೆ. ಆಗ ಜಡಿಮಳೆ, ಕೊಳೆರೋಗಕ್ಕೆ ಮದ್ದು ಹೊಡೆಸುವ ಗಡಿಬಿಡಿ, ದನ ಹೊರಗೆ ಬರುವುದೇ ಇಲ್ಲ. ಸೆಪ್ಟೆಂಬರ್ ಕೊನೆಗೆ ಹಾಕಿದರೆ ಆ ಅವಧಿ ನವೆಂಬರ್ ಡಿಸೆಂಬರಿಗೆ. ಆಗ ಅಡಿಕೆ ಕೊಯ್ಲು, ಅರೇಬಿಕಾ ಹಣ್ಣು ಕೊಯ್ಲು ಎರಡೂ ಒಟ್ಟಿಗೆ, ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುವ ಮನೆಗಳಲ್ಲಿ ದನದ ಕಡೆ ನೋಡುವವರಾರು? ಜನವರಿಯಲ್ಲಿ ಹಾಕಿದ್ದಕ್ಕೆ ಮಾರ್ಚ್ ಏಪ್ರಿಲ್, ರೊಬಸ್ಟಾ ಕೊಯ್ಲು ಮುಗಿದು ಹೂಮಳೆಗೆ ಕಾಯುವ ಕಾಲ, ಹಸಿರು ಮೇವಿಲ್ಲ. ಹೀಗೆ ನೋಡುತ್ತ ಹೋದರೆ ದನಕ್ಕೆ ಅನುಕೂಲವಾದ ತಿಂಗಳು ಪಂಚಾಂಗದಲ್ಲೇ ಇಲ್ಲ. ಆದುದರಿಂದ ನೆನಪನ್ನು ನಂಬದೆ ಬರೆದಿಡುವುದೇ ದಾರಿ. ಅಡಿಕೆ ಮಂಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಆಳುಗಳ ಹಾಜರಿ ಗುರುತು ಹಾಕುತ್ತೇವಲ್ಲ, ಅದರಲ್ಲೇ ಕರು ಹಾಕಿದ ದಿನ, 45 ನೇ ದಿನ, ಕಂಡ ಪ್ರತಿ ಬೆದೆ, ಅದರಿಂದ 21 ನೇ ದಿನ ಗುರುತಿಸಿದರೆ ಸಾಕು. 21 ನೇ ದಿನದ ಹಿಂದೆ ಮುಂದೆ ಮೂರು ದಿನ ಒಬ್ಬರು ಎಚ್ಚರವಾಗಿದ್ದರೆ ಉಳಿದ ಹದಿನಾಲ್ಕು ದಿನ ನಿಶ್ಚಿಂತೆ.

ಬೆದೆ ಮುಗಿದು ಒಂದರಿಂದ ಮೂರು ದಿನದೊಳಗೆ ಕೆಲವು ದನಗಳಲ್ಲಿ, ಅದರಲ್ಲೂ ಮಣಕಗಳಲ್ಲಿ, ಲೋಳೆಯ ಜೊತೆ ಸ್ವಲ್ಪ ರಕ್ತ ಕಾಣಿಸುತ್ತದೆ. ಇದನ್ನು ಕಂಡು ಗಾಬರಿಯಾಗಿ ಅಥವಾ ಇದೇ ಬೆದೆಯೆಂದು ತಿಳಿದು ಇಂಜೆಕ್ಷನ್ನಿಗೆ ಓಡುವವರಿದ್ದಾರೆ. ಎರಡೂ ಬೇಡ. ಬೆದೆ ಮುಗಿದಿದೆ, ನಾವು ನೋಡಿಲ್ಲ ಎಂದು ಅದರ ಅರ್ಥ. ಆ ದಿನದಿಂದ 18, 19 ದಿನಕ್ಕೆ ಮುಂದಿನದು ಬರುತ್ತದೆಂದು ಗುರುತು ಹಾಕಿಕೊಳ್ಳಬೇಕು.

ಹೊತ್ತು ನೋಡಿ ಇಂಜೆಕ್ಷನ್

ಕೃತಕ ಗರ್ಭಧಾರಣೆ ನಮ್ಮ ನಾಡಿಗೆ ಹೊಸದಲ್ಲ. ಭಾರತದಲ್ಲಿ ಅದನ್ನು ಮೊದಲು ಮಾಡಿದ್ದು 1939 ರಲ್ಲಿ, ಮೈಸೂರಿನ ಅರಮನೆಯ ಡೇರಿಯಲ್ಲಿ, ಸಂಪತ್ ಕುಮಾರನ್ ಎಂಬವರು. 1969 ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ಕೇಂದ್ರ ಬಂದ ಮೇಲೆ ಹಳ್ಳಿಹಳ್ಳಿಗೂ ವೀರ್ಯದ ಕಡ್ಡಿ ತಲಪುವಂತಾಯಿತು. ಹೋರಿ ಸಾಕುವ ಮನೆಗಳು ಈಗ ಅಪರೂಪ, ಹಾಗಾಗಿ ಇದೇ ಗತಿ. ಆದರೆ ಹೋರಿಗೆ ಹೊತ್ತು ಗೊತ್ತು, ಕಡ್ಡಿಗೆ ಗೊತ್ತಿಲ್ಲ. ಅದನ್ನು ನಾವೇ ಗೊತ್ತು ಮಾಡಿಕೊಳ್ಳಬೇಕು.

ಅಂಡ ಬಿಡುಗಡೆಯಾಗುವುದು ಬೆದೆ ಮುಗಿದು ಹತ್ತು ಹನ್ನೆರಡು ಗಂಟೆಯ ಮೇಲೆ. ವೀರ್ಯ ಅದಕ್ಕೂ ಕೆಲವು ಗಂಟೆ ಮೊದಲು ಒಳಗಿದ್ದು ಸಿದ್ಧವಾಗಿರಬೇಕು. 1940 ರ ದಶಕದಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಟ್ರಿಂಬರ್ಗರ್ ಎಂಬವರು ಪರೀಕ್ಷಿಸಿ ನೋಡಿದ್ದರಿಂದ ಒಂದು ಸುಲಭ ಸೂತ್ರ ರೂಢಿಗೆ ಬಂತು. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ ಇಂಜೆಕ್ಷನ್, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಬೆಳಿಗ್ಗೆ ಕೂಗಿದ ದನಕ್ಕೆ ಎಂಟು ಗಂಟೆಗೇ ಕೊಡಿಸಿದರೆ ಬೇಗವಾಯಿತು. ಮರುದಿನ ಮಧ್ಯಾಹ್ನಕ್ಕೆ ತಡವಾಯಿತು. ನಾಟಿ ದನಗಳ ಬೆದೆ ಚಿಕ್ಕದಾದ್ದರಿಂದ ಇನ್ನೂ ಸ್ವಲ್ಪ ಮುಂಚೆ ನೋಡಿಕೊಳ್ಳಬೇಕು. ಕಡ್ಡಿಯನ್ನು 37 ಡಿಗ್ರಿ ಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ಕರಗಿಸಬೇಕು. ಅಂಗೈಯಲ್ಲಿ ಉಜ್ಜಿ ಕರಗಿಸುವುದನ್ನು ಕಂಡರೆ ಬಂದವರಿಗೆ ಒಂದು ಚೆಂಬು ಬಿಸಿನೀರು ತಂದುಕೊಡಿ, ಅವರು ಬೇಸರಿಸಿಕೊಳ್ಳುವುದಿಲ್ಲ.

ತೊಂದರೆ ಬಂದಲ್ಲಿ

ಕರು ಹಾಕಿ ಹನ್ನೆರಡು ಗಂಟೆಯಾದರೂ ಮಾಸು ಬೀಳದಿದ್ದರೆ ಡಾಕ್ಟರಿಗೆ ತಿಳಿಸಬೇಕು. ಜೋತು ಬಿದ್ದ ಕಸಕ್ಕೆ ಕಲ್ಲು, ಹಳೆ ಚಪ್ಪಲಿ ಕಟ್ಟುವುದು, ಕೈ ಹಾಕಿ ಎಳೆಯುವುದು ಇಂದಿಗೂ ನಿಂತಿಲ್ಲ. ಎಳೆದಾಗ ಹರಿಯುವುದು ಕಸ ಮಾತ್ರವಲ್ಲ, ಗರ್ಭಕೋಶದ ಒಳಪದರವೂ ಹೌದು. ಅಲ್ಲಿ ನಂಜು ಕೂತರೆ ಮುಂದಿನ ಬೆದೆ ಯಾವ ಕ್ಯಾಲೆಂಡರಿಗೂ ಸಿಗುವುದಿಲ್ಲ. ಗಬ್ಬದ ಕೊನೆಯ ಮೂರು ತಿಂಗಳಲ್ಲಿ ಕರು ಕಂದಿ ಹಾಕಿದರೆ ಕಂದು ರೋಗದ ಶಂಕೆ ಪಡಬೇಕು; ಅದು ಮನುಷ್ಯರಿಗೂ ಅಂಟುವ ರೋಗ, ಬರಿಗೈಯಲ್ಲಿ ಕಸ ಮುಟ್ಟಬಾರದು. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ಪ್ರಾಯದಲ್ಲಿ ಒಮ್ಮೆ ಲಸಿಕೆ ಹಾಕಿಸಿದರೆ ಮುಗಿಯಿತು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಎಂಬ ಸಂಖ್ಯೆಗೆ ಫೋನು ಮಾಡಬಹುದು.

ಬೆದೆ ಬರಿಸುವ ಇಂಜೆಕ್ಷನ್ನುಗಳ ಬಗ್ಗೆ ಈಗ ಎಲ್ಲ ಕಡೆ ಮಾತು. ಇವುಗಳಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬುದು ಅಂಡಾಶಯ ಕೆಲಸ ಮಾಡುತ್ತಿದ್ದು ಬೆದೆ ಕಣ್ಣಿಗೆ ಬೀಳದ ದನಕ್ಕೆ ಮಾತ್ರ ಫಲ ಕೊಡುತ್ತದೆ, ಸೊರಗಿ ಅಂಡಾಶಯ ಮಲಗಿರುವ ದನಕ್ಕೆ ಕೊಟ್ಟು ಪ್ರಯೋಜನವಿಲ್ಲ. ಗಬ್ಬವಿರುವ ದನಕ್ಕೆ ಕೊಟ್ಟರೆ ಗಬ್ಬವೇ ಕರಗುತ್ತದೆ. ಹಿಂದಿನ ಬೆದೆಗೆ ಇಂಜೆಕ್ಷನ್ ಕೊಡಿಸಿದ್ದನ್ನು ಮರೆತು, 'ಬೆದೆಗೆ ಬಂದಿಲ್ಲ' ಎಂದಷ್ಟೇ ಹೇಳಿದ ಮನೆಗಳಲ್ಲಿ ಇಂಥ ಅನಾಹುತ ನಡೆಯಬಹುದು. ಆದ್ದರಿಂದ ಪರೀಕ್ಷೆ ಮಾಡದೆ ಈ ಔಷಧಿ ಹಾಕಿಸಬಾರದು, ಅಂಗಡಿಯಿಂದ ತಾವೇ ತಂದಂತೂ ಖಂಡಿತ ಕೂಡದು. 1995 ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರೂಪುಗೊಂಡ ಓವ್‌ಸಿಂಕ್ ಪದ್ಧತಿಯಲ್ಲಿ ಹತ್ತು ದಿನಗಳೊಳಗೆ ಮೂರು ಇಂಜೆಕ್ಷನ್ ಕೊಟ್ಟು, ಬೆದೆಯನ್ನು ಕಾಯದೆ ನಿಗದಿಯಾದ ಹೊತ್ತಿಗೆ ಗರ್ಭಧಾರಣೆ ಮಾಡುತ್ತಾರೆ. ಕೊಯ್ಲಿನ ತಿಂಗಳುಗಳಲ್ಲಿ ದನ ನೋಡಲು ಜನವಿಲ್ಲದ ಮನೆಗಳಿಗೆ ಇದು ಉಪಯೋಗಕ್ಕೆ ಬರಬಹುದು. ಮೈಯಲ್ಲಿ ಮಾಂಸವಿಲ್ಲದ ದನಕ್ಕೆ ಮೊದಲು ಬೇಕಾದ್ದು ಹಿಂಡಿಯೇ.

ಇಂಜೆಕ್ಷನ್ ಕೊಡಿಸಿದ 21 ನೇ ದಿನ ದನ ಬೆದೆಗೆ ಬರಲಿಲ್ಲವೆಂದು ಗಬ್ಬವೆಂದೇ ನಂಬಿ ಕೂರಬಾರದು. ಆ ಬೆದೆಯೂ ಕಣ್ಣು ತಪ್ಪಿಸಿರಬಹುದು. ಎರಡು ತಿಂಗಳು ತುಂಬಿದ ಮೇಲೆ ಡಾಕ್ಟರಿಂದ ಕೈ ಪರೀಕ್ಷೆ ಮಾಡಿಸಿ. ಗಬ್ಬವೆಂದಾದರೆ ಕ್ಯಾಲೆಂಡರಿನಲ್ಲಿ ಇನ್ನೆರಡು ಗುರುತು ಹಾಕಬೇಕು: ಕರು ಹಾಕುವ ದಿನ, ಅದಕ್ಕೆ ಅರವತ್ತು ದಿನ ಮೊದಲು ಹಾಲು ಬತ್ತಿಸುವ ದಿನ. ಹಿಂಡಿಯ ಡಬ್ಬಿ ಮುಚ್ಚಬಾರದ ದಿನವೂ ಅದೇ.